ಹೆಗಲು ಬಲ್ಲ ನೀತಿ: ದಾವಣಗೆರೆ ಸೀಮೆಯ ಎತ್ತು, ಕೋಣ ಮತ್ತು ಮನುಷ್ಯ

ದಾವಣಗೆರೆಯ ಚರಿತ್ರೆಯನ್ನು ಹತ್ತಿ ಗಿರಣಿಗಳಿಂದ ಆರಂಭಿಸುವುದು ರೂಢಿಯಾಗಿದ್ದರೂ, ಗಿರಣಿಗಳು ತಲೆಯೆತ್ತುವುದಕ್ಕೆ ಒಂದೂವರೆ ಶತಮಾನ ಮೊದಲೇ ಈ ಊರನ್ನು ಪೇಟೆಯಾಗಿಸಿದ್ದು ಎತ್ತಿನ ಬೆನ್ನು. ಬೇತೂರಿಗೆ ಹೊಂದಿಕೊಂಡ ಪುಟ್ಟ ಹಳ್ಳಿಯಾಗಿದ್ದ ಈ ಸ್ಥಳವನ್ನು ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ ಮೇಲೆ ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ಉತ್ತರ ಆರ್ಕಾಟಿನ ವಾಲಾಜಾಪೇಟೆಯವರೆಗೆ ಸಾಗಿ, ಬದಲಿಗೆ ಉಪ್ಪೂ ವಿಲಾಯಿತಿ ಸರಕೂ ಬರತೊಡಗಿದವು. ಊರಿನ ಕಂಬಳಿಗೂ ಒಳ್ಳೆಯ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ರಸ್ತೆಗಳು ಬರುವವರೆಗೆ ಇಂಥ ದೂರದ ದಾರಿಗಳ ಬಹುಭಾಗ ಗಾಡಿ ಹೋಗುವಂಥದ್ದಾಗಿರಲಿಲ್ಲ. ಸರಕು ಸಾಗುತ್ತಿದ್ದುದು ಹೇರೆತ್ತಿನ ಮೇಲೆ, ಅಂದರೆ ಬೆನ್ನಿನ ಎರಡೂ ಪಕ್ಕಕ್ಕೆ ಗೋಣಿ ಇಳಿಬಿಟ್ಟು ನಡೆಸುವ ಎತ್ತಿನ ಮೇಲೆ. ಈ ಸಾಗಣೆಯನ್ನೇ ಕುಲದ ಕಸುಬಾಗಿಸಿಕೊಂಡವರು ಲಂಬಾಣಿಗರು. ಅವರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಸೂರಗೊಂಡನಕೊಪ್ಪ ಇಂದಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲೇ ಇರುವುದು ಆಕಸ್ಮಿಕವೆನಿಸುವುದಿಲ್ಲ.

ಪ್ರಾಣಿಗಳೊಡನೆ ಮನುಷ್ಯ ಹೇಗೆ ನಡೆದುಕೊಳ್ಳಬೇಕೆಂಬ ಚಿಂತನೆಗೆ ಎರಡು ಮೂಲಗಳುಂಟು. ಮೊದಲನೆಯದು ತತ್ತ್ವದಿಂದ ಇಳಿದು ಬರುವಂಥದ್ದು: ಜೀವವೆಲ್ಲ ಒಂದೇ, ಆದ್ದರಿಂದ ಹಿಂಸೆ ಪಾಪ. ಎರಡನೆಯದು ಮೈಯಿಂದ ಏರಿ ಹೋಗುವಂಥದ್ದು: ಹಸಿವು, ನೀರಡಿಕೆ, ದಣಿವು, ಗಾಯದ ಉರಿ, ಹೆರಿಗೆಯ ಬೇನೆ ಇವೆಲ್ಲ ತನ್ನ ಮೈಗಾಗುವಂತೆಯೇ ಎದುರಿನ ಮೈಗೂ ಆಗುತ್ತವೆಂಬ ಅರಿವು ಸಿದ್ಧಾಂತದ ಹಂಗಿಲ್ಲದೆ ಒಂದು ಹೊಣೆಯನ್ನು ಹುಟ್ಟಿಸುತ್ತದೆ ಎನ್ನುವುದು. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಾಣಿಗೆ ಬುದ್ಧಿ ಇದೆಯೇ ಮಾತು ಇದೆಯೇ ಎಂದು ಕೇಳುವುದಕ್ಕಿಂತ ಅದಕ್ಕೆ ನೋವು ಆಗುತ್ತದೆಯೇ ಎಂದು ಕೇಳುವುದೇ ಸರಿಯೆಂದು ವಾದಿಸಿದ್ದು ಈ ಎರಡನೆಯ ಮೂಲದ ಪ್ರಸಿದ್ಧ ರೂಪ. ದಾವಣಗೆರೆ–ಹರಿಹರ ಸೀಮೆಯಲ್ಲಿ ಇದೇ ಅರಿವು ಗ್ರಂಥದ ನೆರವಿಲ್ಲದೆ ದುಡಿಮೆಯಲ್ಲಿ ರೂಪುಗೊಂಡಿತು. ಅದರ ಶಕ್ತಿಗೂ ಅದರ ಕುರುಡುತನಕ್ಕೂ ಈ ಹುಟ್ಟೇ ಕಾರಣ.

ಹೇರೆತ್ತಿನ ಕಸುಬಿನಲ್ಲಿ ಮನುಷ್ಯ ಮತ್ತು ಎತ್ತು ಒಂದೇ ದಾರಿಯನ್ನು ಒಂದೇ ವೇಗದಲ್ಲಿ ನಡೆಯುತ್ತಿದ್ದವು. ಹೇರು ಹೊಡೆಯುವವನು ಸವಾರನಲ್ಲ, ಅವನೂ ನಡಿಗೆಯವನೇ. ಎತ್ತಿಗೆ ನೀರು ಸಿಗುವ ಕೆರೆಯಲ್ಲೇ ಅವನಿಗೂ ನೀರು, ಎತ್ತಿನ ಹೇರು ಇಳಿಸುವ ಬಯಲಿನಲ್ಲೇ ಅವನಿಗೂ ಅಡುಗೆ. ಎರಡು ಗೋಣಿಗಳಲ್ಲಿ ಒಂದು ತುಸು ತೂಕ ಹೆಚ್ಚಾದರೂ ಬೆನ್ನಿನ ಆ ಪಕ್ಕದ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಹುಣ್ಣಾದ ಎತ್ತು ನಡುದಾರಿಯಲ್ಲಿ ಮಲಗುತ್ತದೆ, ಮಲಗಿದ ಎತ್ತಿನ ಹೇರು ಯಾರಾದರೂ ಹೊರಲೇಬೇಕು. ಹೀಗಾಗಿ ಗೋಣಿಯ ತೂಕವನ್ನು ಸರಿದೂಗಿಸುವುದು ದಯೆಯೂ ಹೌದು, ವ್ಯಾಪಾರವೂ ಹೌದು. ಅವೆರಡನ್ನು ಬೇರ್ಪಡಿಸಿ ಯಾವುದು ಮೊದಲು ಬಂದಿತೆಂದು ಹುಡುಕುವುದು ಬಹುಶಃ ನಮ್ಮ ಕಾಲದ ಚಟ.

ಹರಿಹರದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಹದಿನಾಲ್ಕು ಕಮಾನುಗಳ ಸೇತುವೆ 1868ರಲ್ಲಿ ಮುಗಿದು, ಬೆಂಗಳೂರು–ಧಾರವಾಡ ಹೆದ್ದಾರಿ ನದಿಯನ್ನು ದಾಟಿದ ಮೇಲೆ, ಹೇರೆತ್ತಿನ ಜಾಗಕ್ಕೆ ಜೋಡೆತ್ತಿನ ಗಾಡಿ ಬಂದಿತು. 1880ರ ದಶಕದ ಕೊನೆಗೆ ರೈಲು ಹರಿಹರ ತಲುಪಿದಾಗಲೂ ಗಾಡಿಯ ಕೆಲಸ ಕಡಿಮೆಯಾಗದೆ ಹೆಚ್ಚಿತು. ಹಳ್ಳಿಯ ಹತ್ತಿ, ಜೋಳ, ಸೇಂಗಾಗಳನ್ನು ನಿಲ್ದಾಣಕ್ಕೂ ಅಂಗಡಿ ಬೀದಿಗೂ ತರಲು ಬೇರೆ ಸಾಧನವಿರಲಿಲ್ಲ. ಬೆನ್ನಿನ ಮೇಲಿದ್ದ ಭಾರ ಈಗ ಹೆಗಲಿಗೆ ಬಂದಿತು. ಎರಡು ಗಾಲಿಯ ಗಾಡಿಯ ಲೆಕ್ಕವೇ ಸೂಕ್ಷ್ಮವಾದದ್ದು: ಹತ್ತಿಯ ಅಂಡಿಗೆಗಳನ್ನು ಮುಂದಕ್ಕೆ ಒಟ್ಟಿದರೆ ಗಾಡಿ ಮುಂಭಾರವಾಗಿ ಮೂಕಿಯ ಮೂಲಕ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚುವ ಮರದ ಮೂಲಕ, ಇಡೀ ಒತ್ತಡ ಎತ್ತಿನ ಕತ್ತಿನ ಮೇಲೆ ಕೂರುತ್ತದೆ; ಹಿಂದಕ್ಕೆ ಒಟ್ಟಿದರೆ ಹಿಂಭಾರವಾಗಿ ನೊಗ ಮೇಲೆದ್ದು, ಕೊರಳಿಗೆ ಸುತ್ತಿದ ಜತ್ತಿಗೆ ಗಂಟಲನ್ನು ಬಿಗಿಯುತ್ತದೆ. ಏರಿನಲ್ಲಿ ಸರಿಯಿದ್ದ ಭಾರ ಇಳಿಜಾರಿನಲ್ಲಿ ಮುಂಭಾರವಾಗುತ್ತದೆ. ಒಳ್ಳೆಯ ಗಾಡಿಯವನು ಏರು ಬಂದಾಗ ತಾನು ಮೂಕಿಯ ಮೇಲೆ ಮುಂದಕ್ಕೆ ಸರಿದು, ಇಳಿತದಲ್ಲಿ ಹಿಂದಕ್ಕೆ ಜರುಗಿ, ತನ್ನ ಮೈಯ ತೂಕದಿಂದಲೇ ಎತ್ತಿನ ಕತ್ತಿನ ತೂಕವನ್ನು ತಿದ್ದುತ್ತಿದ್ದನು. ತಿದ್ದದವನ ಎತ್ತಿಗೆ ಹೆಗಲು ಬಾತುಕೊಳ್ಳುತ್ತಿತ್ತು, ಬಾವು ಒಡೆದು ಹುಣ್ಣಾಗುತ್ತಿತ್ತು, ಅರಿಸಿನ ಎಣ್ಣೆ ಹಚ್ಚಿ ನಾಲ್ಕು ದಿನ ಬಿಟ್ಟು ಅದೇ ಹುಣ್ಣಿನ ಮೇಲೆ ಮತ್ತೆ ನೊಗ ಏರುತ್ತಿತ್ತು.

ಜಲ್ಲಿ ಹಾಕಿದ ರಸ್ತೆ ಇನ್ನೊಂದು ನೋವನ್ನು ತಂದಿತು. ಎರೆಮಣ್ಣಿನ ಹೊಲದಲ್ಲಿ ಸವೆಯದ ಗೊರಸು ಕಲ್ಲಿನ ಮೇಲೆ ಬೇಗ ಸವೆಯುತ್ತದೆ. ಅದಕ್ಕೆ ಲಾಳ ಬೇಕು. ಎತ್ತಿನ ಗೊರಸು ಸೀಳಿದ್ದರಿಂದ ಪ್ರತಿ ಕಾಲಿಗೆ ಎರಡು ತೆಳು ಲಾಳ. ಹಗ್ಗ ಹಾಕಿ ಎತ್ತನ್ನು ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ನಾಲಬಂದನೆಂದು ಕರೆಯುವ ಲಾಳ ಕಟ್ಟುವವನು ಮೊಳೆ ಹೊಡೆಯುತ್ತಾನೆ. ಮೊಳೆ ಗೊರಸಿನ ಸತ್ತ ಅಂಚಿನಲ್ಲಿ ಹೊಕ್ಕರೆ ಎತ್ತಿಗೆ ತಿಳಿಯುವುದೂ ಇಲ್ಲ, ಒಂದು ಎಳೆಯಷ್ಟು ಒಳಕ್ಕೆ ಸರಿದರೆ ಹಸಿಮಾಂಸ ತಾಗಿ ಕುಂಟು ಬರುತ್ತದೆ. ಉಗುರಿನ ತುದಿ ಮತ್ತು ಉಗುರಿನ ಬುಡದ ವ್ಯತ್ಯಾಸವನ್ನು ತನ್ನ ಬೆರಳಿನಲ್ಲಿ ಬಲ್ಲವನಿಗೆ ಈ ಕಸುಬನ್ನು ಹೆಚ್ಚು ವಿವರಿಸಬೇಕಾಗಿರಲಿಲ್ಲ.

ಎತ್ತಿನ ಹೆಗಲಿನಷ್ಟೇ ಪೇಟೆಯಲ್ಲಿ ಸವೆದದ್ದು ಹಮಾಲನ ಹೆಗಲು. ಗಾಡಿಯಿಂದ ಇಳಿದ ನೂರು ಕಿಲೋದ ಚೀಲ ಗೋದಾಮಿನ ಅಟ್ಟಿಗೆ ಏರಿದ್ದು ಮನುಷ್ಯನ ಬೆನ್ನಿನ ಮೇಲೆ. ಅವನ ಕತ್ತಿನ ಬುಡದಲ್ಲೂ ವರ್ಷಗಳು ಕಳೆದಂತೆ ಒಂದು ಗಡುಸು ಗಡ್ಡೆ ಏಳುತ್ತಿತ್ತು. ಭಾರತ ಸರ್ಕಾರ 1965ರಲ್ಲಿ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗಟ್ಟುವ ನಿಯಮಗಳನ್ನು ಹೊರಡಿಸಿದಾಗ, 200 ಕಿಲೋ ಮೀರದ ಸಣ್ಣ ಎತ್ತು ಬೆನ್ನಿನ ಮೇಲೆ 100 ಕಿಲೋಗಿಂತ ಹೆಚ್ಚು ಹೊರಬಾರದು, 350 ಕಿಲೋ ಮೀರಿದ ದೊಡ್ಡ ಎತ್ತು 175 ಕಿಲೋಗಿಂತ ಹೆಚ್ಚು ಹೊರಬಾರದು ಎಂದು ನಿಗದಿಯಾಯಿತು. ಸ್ಥೂಲವಾಗಿ ಮೈತೂಕದ ಅರ್ಧ. ಅದೇ ಹೊತ್ತಿನಲ್ಲಿ ಐವತ್ತು–ಅರವತ್ತು ಕಿಲೋ ತೂಗುವ ಹಮಾಲ ತನ್ನ ಮೈತೂಕವನ್ನೂ ಮೀರಿದ ಚೀಲವನ್ನು ಹೊರುತ್ತಿದ್ದನು. ವಯಸ್ಕ ಪುರುಷ ಕೆಲಸಗಾರ ಹೊರುವ ಭಾರವನ್ನು 55 ಕಿಲೋಗೆ ಇಳಿಸಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಶಿಫಾರಸು ಬಂದದ್ದು 1967ರಲ್ಲಿ. ಎತ್ತಿನ ಕಾನೂನು ಎರಡು ವರ್ಷ ಮೊದಲೇ ಬಂದಿತೆಂದು ಎತ್ತಿಗೆ ಹೆಚ್ಚು ಗೌರವವಿತ್ತೆಂದು ತಿಳಿಯಬೇಕಿಲ್ಲ. ಎರಡು ಮೈಗಳನ್ನೂ ಒಂದೇ ಬಗೆಯ ಲೆಕ್ಕದಲ್ಲಿ ನೋಡಬಹುದೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಮನುಷ್ಯನ ಮೈ ಮತ್ತು ದನದ ಮೈ ಒಂದೇ ಬಗೆಯವೆಂಬ ಗ್ರಹಿಕೆ ಅತ್ಯಂತ ಗಟ್ಟಿಯಾಗಿ ಕಾಣುವುದು ಔಷಧೋಪಚಾರದಲ್ಲಿ. ಕನ್ನಡದಲ್ಲಿ ಪಶುವೈದ್ಯಕ್ಕೆ ಹಳೆಯ ಪರಂಪರೆಯಿದೆ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ‘ಗೋವೈದ್ಯ’ ಮದ್ದನ್ನೂ ಮಂತ್ರವನ್ನೂ ಬೆರೆಸಿದ ಗ್ರಂಥ. ಹಳ್ಳಿಗಳಲ್ಲಿ ಆ ಗ್ರಂಥವನ್ನು ಯಾರೂ ಓದಿರದಿದ್ದರೂ ಕ್ರಮ ಅದೇ ತೆರನಾಗಿತ್ತು: ಹೊಟ್ಟೆಯುಬ್ಬರಕ್ಕೆ ಮನೆಮಂದಿಗೆ ಕೊಡುವ ಓಮ, ಇಂಗು, ಬೆಲ್ಲಗಳನ್ನೇ ಪ್ರಮಾಣ ಹೆಚ್ಚಿಸಿ ಗೊಟ್ಟದಿಂದ, ಅಂದರೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಯಿಂದ, ಎತ್ತಿನ ಗಂಟಲಿಗೆ ಹೊಯ್ಯುತ್ತಿದ್ದರು. ಕಾದ ಕಬ್ಬಿಣದಿಂದ ಬರೆ ಹಾಕುವ ಚಿಕಿತ್ಸೆಯಂತೂ ಎರಡು ಕಡೆಗೂ ಒಂದೇ. ಬಾತ ಕೀಲಿಗೆ ಎತ್ತಿಗೂ ಬರೆ, ಬಾಲಗ್ರಹವೆಂದು ಹಸುಗೂಸಿಗೂ ಬರೆ. ಮೈಯ ಸಮಾನತೆ ದಯೆಯನ್ನಷ್ಟೇ ಹಂಚುತ್ತದೆಂದು ಭಾವಿಸುವವರು ಈ ಬರೆಯನ್ನು ಮರೆಯಬಾರದು.

ಈ ಸೀಮೆಯ ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಶಿವನ ವಾರ, ಬಸವಣ್ಣನ ವಾರ ಎಂದು ಅದಕ್ಕೆ ಹೇಳುವ ಕಾರಣ ಧಾರ್ಮಿಕವಾದದ್ದು. ಆದರೆ ಅದರ ಪರಿಣಾಮ ಸಂಪೂರ್ಣವಾಗಿ ಮೈಗೆ ಸಂಬಂಧಿಸಿದ್ದು. ಆರು ದಿನ ನೊಗ ಹೊತ್ತ ಹೆಗಲಿಗೆ ಒಂದು ದಿನ ಗಾಳಿ. ಮಳೆ ಬಿದ್ದು ಹದ ಆರುತ್ತಿರುವಾಗಲೂ, ಬಿತ್ತನೆ ಒಂದು ದಿನ ತಡವಾದರೆ ಇಳುವರಿ ಕುಗ್ಗುತ್ತದೆಂದು ತಿಳಿದೂ ರೈತ ಸೋಮವಾರ ಸುಮ್ಮನಿದ್ದನೆಂಬುದರಲ್ಲಿ ಈ ಕಟ್ಟಳೆಯ ಬೆಲೆ ಕಾಣುತ್ತದೆ. ನಷ್ಟವಾಗದ ದಿನ ಕೊಡುವ ರಜೆಗೆ ಅಂಥ ಅರ್ಥವಿಲ್ಲ. ಮುಂಗಾರಿನ ಹೊಸ್ತಿಲಲ್ಲಿ ಬರುವ ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ, ಮನೆಮಂದಿ ಉಣ್ಣುವ ಹೋಳಿಗೆಯನ್ನೇ ತಿನ್ನಿಸುವುದೂ, ಸಂಜೆ ಕರಿ ಹರಿಯಲು, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಹರಿಯಲು, ಓಡಿಸುವುದೂ ಇದೇ ಪರಂಪರೆಯ ಹಬ್ಬದ ಮುಖ.

ಆದರೆ ಈ ನೀತಿಗೆ ಒಂದು ಗಡಿಯಿತ್ತು. ಸೋಮವಾರ ಎತ್ತನ್ನು ಬಿಟ್ಟ ಕೈಯೇ ಅದಕ್ಕೆ ಮೂಗುದಾರ ಪೋಣಿಸಿತ್ತು. ಹೋರಿಗರುವನ್ನು ಹಿಡಿದು ಬೀಜ ಒಡೆಸಿ ಎತ್ತಾಗಿಸಿತ್ತು, ಅದೂ ಮರದ ತುಂಡುಗಳ ನಡುವೆ ಜಜ್ಜುವ ಹಳೆಯ ಕ್ರಮದಲ್ಲಿ. ಸಂತೆಯಲ್ಲಿ ಬಾಯಿ ತೆರೆಸಿ ಹಲ್ಲು ಎಣಿಸಿ ವಯಸ್ಸು ಹೇಳುವ ಜಾಣ್ಮೆ, ಎಷ್ಟು ವರ್ಷ ದುಡಿಮೆ ಉಳಿದಿದೆಯೆಂದು ಹೇಳುವ ಜಾಣ್ಮೆಯೂ ಆಗಿತ್ತು. ಹಲ್ಲು ಸವೆದ ಎತ್ತು ಸಂತೆಯಿಂದ ಸಂತೆಗೆ ಕೈ ಬದಲಿಸುತ್ತ ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಮಾರಿದವನು ಕೇಳುತ್ತಿರಲಿಲ್ಲ. ಇದಕ್ಕೆ ಅಪವಾದವಾಗಿ, 1997ರವರೆಗೆ ದಾವಣಗೆರೆಯನ್ನೂ ಒಳಗೊಂಡಿದ್ದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ: ಹೂಡದ, ಮಾರದ, ಕಿಲಾರಿಗಳೆಂಬ ಕಾವಲುಗಾರರು ಮೇಯಿಸುವ, ಸತ್ತರೆ ಮಣ್ಣು ಮಾಡುವ ಮಂದೆಗಳು ಅವು. ದುಡಿಮೆಯ ಲೆಕ್ಕದಿಂದ ಹೊರಗೆ ಎತ್ತನ್ನು ನಿಲ್ಲಿಸಲು ಅದನ್ನು ದೇವರಿಗೆ ಬಿಡಬೇಕಾಯಿತೆಂಬುದು ಗಮನಾರ್ಹ.

ದುಡಿಮೆಯ ಪಾಲುದಾರಿಕೆಗೆ ಸೇರದ ಪ್ರಾಣಿಯ ಪಾಡೇನು ಎಂಬುದಕ್ಕೆ ಕೋಣ ಸಾಕ್ಷಿ. ಎಮ್ಮೆಯ ಜಾತಿಗೆ ಬೆವರಿನ ಗ್ರಂಥಿಗಳು ಕಡಿಮೆ, ಚರ್ಮ ಕಪ್ಪು; ಬಿಸಿಲು ಏರಿದಂತೆ ಅದು ನೀರನ್ನೋ ಕೆಸರನ್ನೋ ಹುಡುಕುತ್ತದೆ. ಮಲೆನಾಡಿನ ಗದ್ದೆಯಲ್ಲಿ ಕೋಣ ಹೂಡುತ್ತಾರೆ, ಆದರೆ ಬಯಲುಸೀಮೆಯ ಎರೆಹೊಲಕ್ಕೂ ದೂರದ ಗಾಡಿದಾರಿಗೂ ಅದು ಒಗ್ಗುವುದಿಲ್ಲ. ಎಮ್ಮೆಯ ಹಾಲು ಮನೆಗೆ ಬೇಕು, ಗಂಡುಕರು ಯಾರಿಗೂ ಬೇಡ. ಬಲಿಗೆ ಕೋಣ ಸುಲಭವಾಗಿ ಒದಗಿದ್ದರಲ್ಲಿ ಈ ನಿರುಪಯುಕ್ತತೆಯ ಪಾಲು ಇರಬೇಕು. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ, ಜನರ ಬಾಯಲ್ಲಿ ದುಗ್ಗಮ್ಮನ, ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಕೋಣನ ಬಲಿ ಬಹುಕಾಲದ ಆಚರಣೆಯೂ ಬಹುಕಾಲದ ವಿವಾದವೂ ಆಗಿದೆ. ಬಲಿಯ ಬಳಿಕ ರಕ್ತ ಬೆರೆತ ಅನ್ನವನ್ನೋ ಕಾಳನ್ನೋ ಊರ ಗಡಿಯ ಸುತ್ತ ಚೆಲ್ಲುವ ‘ಚರಗ’ ಕರ್ನಾಟಕದ ಮಾರಿಹಬ್ಬಗಳಲ್ಲಿ ವ್ಯಾಪಕವಾಗಿದ್ದ ವಿಧಿ. ರೋಗ ಊರೊಳಕ್ಕೆ ಬಾರದಿರಲೆಂಬುದು ಅದರ ಉದ್ದೇಶ.

ಈ ಕೋಣನಿಗೊಂದು ಕಥೆಯಿದೆ, ಆ ಕಥೆಯೇ ಇಲ್ಲಿನ ಅತ್ಯಂತ ಕಹಿಯಾದ ಭಾಗ. ಕರ್ನಾಟಕದ ಹಲವೆಡೆ ಹೇಳುವಂತೆ, ಅಸ್ಪೃಶ್ಯ ಕುಲದವನೊಬ್ಬ ತನ್ನ ಕುಲವನ್ನು ಮರೆಮಾಚಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾಗುತ್ತಾನೆ. ನಿಜ ತಿಳಿದ ಆಕೆ ಉಗ್ರಳಾಗಿ ಮಾರಿಯಾಗುತ್ತಾಳೆ. ಗಂಡ ಕೋಣನಾಗಿ ಪ್ರತಿ ಜಾತ್ರೆಯಲ್ಲೂ ಕೊಲ್ಲಿಸಿಕೊಳ್ಳುತ್ತಾನೆ. ಇಲ್ಲೂ ಮನುಷ್ಯನ ಮೈ ಮತ್ತು ಪ್ರಾಣಿಯ ಮೈ ಒಂದಾಗಿವೆ, ಆದರೆ ಕರುಣೆಗಾಗಿ ಒಂದಾಗಿಲ್ಲ. ಜಾತಿ ಮೀರಿದವನಿಗೆ ವಿಧಿಸಿದ ಶಿಕ್ಷೆಯನ್ನು ಕೋಣನ ಕೊರಳಿನ ಮೇಲೆ ಮರುಕಳಿಸಲಾಗುತ್ತದೆ. ಇದೇ ಹಬ್ಬಗಳಲ್ಲಿ ಕೋಣನ ತಲೆ ಹೊರುವ, ಚರಗ ಚೆಲ್ಲುವ ಕೆಲಸಗಳು ದಲಿತ ಕುಟುಂಬಗಳಿಗೆ ಕಟ್ಟಿಹಾಕಿದ ಊಳಿಗವಾಗಿದ್ದವು. ಹೀಗಾಗಿ ಕೋಣ ಬಲಿಯ ವಿರೋಧವನ್ನು ಪ್ರಾಣಿದಯೆಯ ಪ್ರಶ್ನೆಯೆಂದಷ್ಟೇ ನೋಡುವುದು ಅರ್ಧ ನೋಟ.

ಬಲಿಯ ವಿರುದ್ಧ ಕನ್ನಡದಲ್ಲಿ ಎದ್ದ ದನಿ ಹೊಸದಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜೈನ ಕವಿ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದನು. ಚಂಡಮಾರಿಯ ಜಾತ್ರೆಗೆ ಬಲಿಯಾಗಲು ಹಿಡಿತಂದ ಎಳೆಯ ಅಣ್ಣ–ತಂಗಿ ರಾಜ ಮಾರಿದತ್ತನೆದುರು ತಮ್ಮ ಹಿಂದಿನ ಜನ್ಮಗಳನ್ನು ಹೇಳಿಕೊಳ್ಳುತ್ತಾರೆ: ರಾಜನೂ ಅವನ ತಾಯಿಯೂ ಆಗಿದ್ದಾಗ ಹಿಟ್ಟಿನ ಕೋಳಿಯೊಂದನ್ನು ಕಡಿದ ಸಂಕಲ್ಪಹಿಂಸೆಗಾಗಿ, ಅಂದರೆ ಮನಸ್ಸಿನಲ್ಲಿ ಮಾಡಿದ ಕೊಲೆಗಾಗಿ, ನವಿಲು, ನಾಯಿ ಮೊದಲಾಗಿ ಒಂದೊಂದು ಪ್ರಾಣಿಯ ಮೈಯಲ್ಲೂ ಹುಟ್ಟಿ ಸಾವನ್ನು ಉಂಡ ಕಥೆ. ಕರ್ಮಸಿದ್ಧಾಂತದ ಚೌಕಟ್ಟನ್ನು ಬದಿಗಿಟ್ಟರೂ ಕಾವ್ಯದ ವಾದ ನಿಲ್ಲುತ್ತದೆ: ಕೊಲ್ಲಲು ನಿಂತವನಿಗೆ ಕೊಲ್ಲಿಸಿಕೊಂಡ ಮೈಗಳ ಒಳಗಿನಿಂದ ಮಾತು ಕೇಳಿಸಲಾಗುತ್ತದೆ. ಜನ್ನನು ಮುಂದೆ ಎರಡನೆಯ ನರಸಿಂಹನ ಕಾಲದಲ್ಲೂ ಬರೆದನು. ಆ ನರಸಿಂಹನ ದಂಡನಾಯಕ ಪೋಲಾಳ್ವನೇ 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು. ಜನ್ನನಿಗೂ ಹಿಂದೆ ಬಸವಣ್ಣನವರು ಬಲಿಯ ಕುರಿಯನ್ನು ನೋಡಿದ ಬಗೆ ಬೇರೆ: ಹಬ್ಬಕ್ಕೆ ತಂದ ಕುರಿ ತೋರಣಕ್ಕೆ ಕಟ್ಟಿದ ತಳಿರನ್ನು ಮೇಯುವುದನ್ನು ಅವರು ವಚನವೊಂದರಲ್ಲಿ ಕಾಣಿಸುತ್ತಾರೆ, ಅಲ್ಲಿ ಕುರಿಯನ್ನು ನಮಗೆ ಹತ್ತಿರವಾಗಿಸುವುದು ಅದರ ಹಸಿವು.

ಬಸವಣ್ಣನವರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ, ಹರ್ಡೇಕರ ಮಂಜಪ್ಪನವರ ಉತ್ಸಾಹದಿಂದ ಆರಂಭವಾಯಿತು. ಆ ದಿನ ಎತ್ತುಗಳ ಕೊರಳಿಗೆ ಗೆಜ್ಜೆ ಕಟ್ಟಿ ಮೆರವಣಿಗೆ ಮಾಡುವ ರೂಢಿ ಈ ಸೀಮೆಯಲ್ಲಿ ಇಂದಿಗೂ ಇದೆ. ವಚನದ ಕುರಿಗೆ ಮಾತ್ರ ಮೆರವಣಿಗೆಯಲ್ಲಿ ಸ್ಥಾನ ಸಿಗಲಿಲ್ಲ.

1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಕೋಣ ಬಲಿಯ ಕಾರಣಕ್ಕೆ ಮಾರಿಕಾಂಬಾ ದೇವಾಲಯದೊಳಗೆ ಹೋಗಲು ಒಪ್ಪಲಿಲ್ಲವೆಂದೂ, ಅನಂತರ ಅಲ್ಲಿ ಬಲಿ ನಿಂತಿತೆಂದೂ ಆ ಕ್ಷೇತ್ರದ ಚರಿತ್ರೆ ಹೇಳುತ್ತದೆ. ಮೈಸೂರು ರಾಜ್ಯದ 1959ರ ಪ್ರಾಣಿಬಲಿ ನಿಷೇಧದ ಕಾನೂನು ದೇವಾಲಯದ ಆವರಣದಲ್ಲೂ ಧಾರ್ಮಿಕ ಮೆರವಣಿಗೆಯಲ್ಲೂ ಬಲಿಯನ್ನು ಅಪರಾಧವಾಗಿಸಿತು. ಮರುವರ್ಷವೇ ಬಂದ ಕೇಂದ್ರದ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೆಯ ಕಲಮು, ಧರ್ಮ ವಿಧಿಸಿದ ರೀತಿಯಲ್ಲಿ ಮಾಡುವ ಕೊಲೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕೇಂದ್ರದ ಕಾಯ್ದೆಯ ಗಮನವಿದ್ದುದು ನೋವಿನ ಮೇಲೆ, ರಾಜ್ಯದ ಕಾಯ್ದೆಯ ಗಮನವಿದ್ದುದು ಬಲಿ ನಡೆಯುವ ಜಾಗದ ಮೇಲೆ. ದುಗ್ಗಮ್ಮನ ಜಾತ್ರೆ ಬಂದಾಗಲೆಲ್ಲ ಜಿಲ್ಲಾಡಳಿತದ ನಿಷೇಧದ ಆದೇಶ, ಪೊಲೀಸ್ ಕಾವಲು, ಭಕ್ತರ ಹರಕೆ ಇವುಗಳ ಹಗ್ಗಜಗ್ಗಾಟ ನಡೆಯುವುದು ಈ ಕಾನೂನಿನ ನೆಲೆಯಲ್ಲಿ.

ಮೇಲೆ ಹೇಳಿದ 1965ರ ನಿಯಮಗಳು ಮೈಯ ಭಾಷೆಯಲ್ಲೇ ಬರೆದಂಥವು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚಿಲ್ಲ, 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡುವಂತಿಲ್ಲ, ಮೊಳೆ ಕಟ್ಟಿದ ಬಾರುಕೋಲು ಬಳಸುವಂತಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲು ಆ ಮಿತಿಯನ್ನು ಮುಟ್ಟುವುದು ಅಪರೂಪವಲ್ಲ. ಆ ಹೊತ್ತಿನಲ್ಲಿ ಗಾಡಿ ಬಿಟ್ಟು ಮರದ ನೆರಳಲ್ಲಿ ಮಲಗುವುದು ಗಾಡಿಯವರಿಗೆ ಕಾನೂನು ಬರುವ ಮೊದಲೂ ಗೊತ್ತಿತ್ತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು, ದೇಶವೆಲ್ಲ ಯಂತ್ರದ ಮಾತಾಡುತ್ತಿದ್ದ ಕಾಲದಲ್ಲಿ ಎತ್ತಿನ ಗಾಡಿಯ ನೊಗ, ಗಾಲಿಗಳನ್ನು ಸುಧಾರಿಸಿ ಎತ್ತಿನ ಕತ್ತಿನ ಹೊರೆ ಇಳಿಸಬೇಕೆಂದು ವರ್ಷಗಟ್ಟಲೆ ಪ್ರತಿಪಾದಿಸಿದರು. ಆ ಸುಧಾರಣೆ ಊರೂರಿಗೆ ತಲುಪುವ ಮೊದಲೇ ಭದ್ರಾ ನಾಲೆಯ ಭತ್ತದ ಗದ್ದೆಗಳಿಗೆ ಟಿಲ್ಲರ್, ಟ್ರ್ಯಾಕ್ಟರುಗಳೂ ಪೇಟೆಗೆ ಲಾರಿ, ಸರಕು ಆಟೊಗಳೂ ಬಂದವು. ಪಿ.ಜೆ. ಬಡಾವಣೆ, ಕೆ.ಬಿ. ಬಡಾವಣೆಗಳಂಥ ಕಡೆ ಬೆಳೆದ ಮಕ್ಕಳಿಗೆ ಎತ್ತು ಕಾಣುವುದು ಹಬ್ಬದ ಮೆರವಣಿಗೆಯಲ್ಲಿ, ಇಲ್ಲವೆ ಕೋಲೆ ಬಸವ ಮನೆ ಬಾಗಿಲಿಗೆ ಬಂದು ತಲೆಯಾಡಿಸಿದಾಗ.

ಹೊಲದಿಂದ ಹಿಂದೆ ಸರಿದ ಜಾನುವಾರು ಆಟದಲ್ಲಿ ಉಳಿದಿದೆ. ಹೊನ್ನಾಳಿ, ನ್ಯಾಮತಿಯಿಂದ ಶಿಕಾರಿಪುರ, ಹಾವೇರಿಯವರೆಗೆ ದೀಪಾವಳಿಯ ಬಳಿಕ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಹಾರ ತೊಡಿಸಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ, ಹಿಡಿಯುವವರು ಮೈಮೇಲೆ ಬಿದ್ದು ಹಾರ ಕೀಳುತ್ತಾರೆ. ತಮಿಳುನಾಡಿನ ಜಲ್ಲಿಕಟ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ 7ರಂದು ನೀಡಿದ ತೀರ್ಪು ಹೋರಿಯ ಮೈಕಟ್ಟನ್ನೇ ಪರಿಶೀಲಿಸಿ, ಅದು ಓಟಕ್ಕೆ ಹೇಳಿಮಾಡಿಸಿದ ಪ್ರಾಣಿಯಲ್ಲವೆಂದೂ, ಅಲ್ಲಿ ಅದು ಓಡುವುದು ಭಯ ಮತ್ತು ನೋವಿನಿಂದಲೆಂದೂ ಹೇಳಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಓಟಗಳಿಗೆ ಷರತ್ತಿನ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಇಂಥ ರಾಜ್ಯ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಹೋರಿಯ ಒಡೆಯನ ಉತ್ತರ ಎರಡು ತೀರ್ಪುಗಳಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ: ಹುರುಳಿ, ಹಿಂಡಿ ತಿನ್ನಿಸಿ, ದಿನವೂ ಮೈ ತಿಕ್ಕಿ, ಈಜಿಸಿ ಸಾಕಿದ ಅದನ್ನು ತಾನು ಹಿಂಸಿಸುವುದುಂಟೇ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಸುಳ್ಳಲ್ಲ. ಆದರೆ ಹಬ್ಬಕ್ಕೆಂದೇ ಸಾಕುವ ಇಂಥ ಹೋರಿಗಳನ್ನು ಸಾಮಾನ್ಯವಾಗಿ ನೊಗಕ್ಕೆ ಹೂಡುವುದಿಲ್ಲ. ಅವು ಓಡುವಾಗ ಒಡೆಯ ಪಕ್ಕದಲ್ಲಿ ನಡೆಯುತ್ತಿರುವುದಿಲ್ಲ, ಅವುಗಳ ದಣಿವು ಅವನ ದಣಿವಾಗುವುದಿಲ್ಲ. ಗೋಣಿಯ ತೂಕವನ್ನೂ ಮುಂಭಾರವನ್ನೂ ಹೆಗಲಿನಿಂದಲೇ ಅಳೆದ ಹಳೆಯ ಗಾಡಿಯವನ ಬಳಿಯೂ ಗುಂಪಿನ ನಡುವೆ ನುಗ್ಗುವ ಹೋರಿಯ ದಿಗಿಲನ್ನು ಅಳೆಯುವ ಮಾಪಕವಿರಲಿಲ್ಲ.